ನಾಯಿಗೂಡಿನ ಬಾಗಿಲು ಪೂರ್ವಕ್ಕಿರಲಿ

ಧಾರವಾಡದಲ್ಲಿ ಮಳೆ ಹಿಡಿಯುವ ಮುಂಚೆ ನಾಯಿಗೆ ಮರದ ಗೂಡು ಮಾಡಿಸುವವರಿದ್ದರೆ, ಬಾಗಿಲು ಪೂರ್ವಕ್ಕೆ ಇಡಿಸಿ. ಮುಂಗಾರಿನ ಎರಚಲು ಪಶ್ಚಿಮದ ಕಡೆಯಿಂದಲೇ ಜಾಸ್ತಿ, ಅಲ್ವಾ? ಗೂಡನ್ನು ನೆಲಕ್ಕೆ ತಾಗಿಸಲೇಬೇಡಿ. ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ, ಹಲಗೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಮೂಲೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ.

ಗೆದ್ದಲಿಗೆ ಅಂತ ಕೆಲವರು ಗ್ಯಾರೇಜಿನ ಹಳೇ ಆಯಿಲ್ ಬಳಿಯುತ್ತಾರೆ. ದಯವಿಟ್ಟು ಬೇಡ. ನಾಯಿ ಹಲಗೆಯನ್ನು ನೆಕ್ಕುತ್ತದೆ, ಕಡಿಯುತ್ತದೆ. ಅದಕ್ಕೆ ಅದು ವಿಷ.

ಗೂಡು ಸುಮ್ನೆ ದೊಡ್ಡದು ಮಾಡಿಸಬೇಡಿ. ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟಿದ್ದರೆ ಅದರ ಮೈಕಾವಿಗೇ ಒಳಗೆ ಬೆಚ್ಚಗಾಗುತ್ತದೆ. ಹಾಸಲು ಗೋಣಿಚೀಲಕ್ಕಿಂತ ಒಣಗಿದ ಭತ್ತದ ಹುಲ್ಲು ಒಳ್ಳೆಯದು. ಒದ್ದೆಯಾದರೆ ತೆಗೆದು ಹೊಸದು ಹಾಕಬಹುದು. ಚಾವಣಿ ಹಿಂದಕ್ಕೆ ಇಳಿಜಾರಿರಲಿ. ಬರೀ ತಗಡು ಹೊದಿಸಿದರೆ ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಕೆಳಗೆ ಹಲಗೆ ಬೇಕೇ ಬೇಕು.