1791ನೇ ಇಸವಿಯನ್ನು ದಾರಕ್ಕೆ ಕಟ್ಟುವುದು ಹೇಗೆ

ಇತಿಹಾಸ ಅಂದರೆ ನಮ್ಮ ಚಿಕ್ಕಬಳ್ಳಾಪುರದ ಮಕ್ಕಳಿಗೂ ಆಕಳಿಕೆಯೇ. ಅದಕ್ಕೆ ಎಂಟನೇ ಕ್ಲಾಸಿನವರಿಗೆ ವರ್ಷಕ್ಕೊಮ್ಮೆ ಈ ಕೆಲಸ ಹಚ್ಚುತ್ತೇನೆ: ಒಂದೇ ಒಂದು ಇಸವಿ ಹಿಡಿದು, ಆ ವರ್ಷ ಯಾರು ಹುಟ್ಟಿದರು, ಯಾರು ಸತ್ತರು, ಏನೇನಾಯಿತು ಅಂತ ಗೋಡೆಗೆ ತೂಗುಹಾಕುವುದು. ನಾನು ಆರಿಸುವುದು 1791. ಯಾಕೆ ಅಂದರೆ ಕ್ಲಾಸಿನ ಕಿಟಕಿಯಿಂದ ನಂದಿ ಬೆಟ್ಟ ಕಾಣುತ್ತದೆ.

ಬೇಕಾಗುವುದು 12 ಅಡಿ ದಾರ, ಬಟ್ಟೆ ಒಣಗಿಸುವ ಕ್ಲಿಪ್ಪು, ಹಳೇ ಲಗ್ನಪತ್ರಿಕೆ. ತಿಂಗಳಿಗೆ ಒಂದು ಅಡಿ. ಪತ್ರಿಕೆಯ ಖಾಲಿ ಬದಿಯಲ್ಲಿ ಬರೆಯಿರಿ. ಹುಟ್ಟು ಹಸಿರು ಶಾಯಿ, ಸಾವು ಕಪ್ಪು, ಉಳಿದದ್ದು ಕೆಂಪು. ಒಮ್ಮೆ ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ರೇಷ್ಮೆ ದಾರ ತಂದಿದ್ದಳು. ನೋಡಲು ಚೆಂದವೇ. ಆದರೆ ಕ್ಲಿಪ್ಪು ನಿಲ್ಲಲಿಲ್ಲ. ಏಪ್ರಿಲ್‌ನ ಟೆಲಿಗ್ರಾಫಿನ ಮೋರ್ಸ್, ಡಿಸೆಂಬರ್‌ನ ಸಂಗೀತಗಾರ ಮೊಜಾರ್ಟ್ ಇಬ್ಬರೂ ಜಾರಿಕೊಂಡು ಜೂನ್‌ಗೆ ಬಂದುಬಿಟ್ಟರು! ಸೆಣಬಿನ ಹುರಿಯೇ ವಾಸಿ.

ಮೊದಲ ಚೀಟಿ ನಿಮ್ಮೂರಿನದೇ ಆಗಲಿ. ನಮ್ಮದು 1791ರ ಅಕ್ಟೋಬರ್ 19. ಟಿಪ್ಪುವಿನ ಕೈಯಲ್ಲಿದ್ದ ನಂದಿ ಕೋಟೆಯನ್ನು ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಸುಮಾರು ಮೂರು ವಾರ ಮುತ್ತಿ, ಕೊನೆಗೆ ರಾತ್ರಿ ಹೊತ್ತು ನುಗ್ಗಿ ಹಿಡಿಯಿತು. ಅಮಾವಾಸ್ಯೆಗೆ ಇನ್ನೊಂದು ವಾರ ಇತ್ತು. ಅಂದರೆ ಚಂದ್ರ ಹುಟ್ಟುವುದೇ ನಡುರಾತ್ರಿ ಹೊತ್ತಿಗೆ. ಇಷ್ಟು ಹೇಳಿದರೆ ಸಾಕು, ಹುಡುಗರೆಲ್ಲ ಕಿಟಕಿ ಕಡೆ ತಿರುಗುತ್ತಾರೆ.

ಆಮೇಲೆ ಪಕ್ಕದ ಚೀಟಿ ಕಟ್ಟಿಸಿ. ವಿದ್ಯುತ್ತಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ಹತ್ತಿರ ಹುಟ್ಟಿದ್ದು ಸೆಪ್ಟೆಂಬರ್ 22. ಎಣಿಸಿ ನೋಡಿ: ನಂದಿ ಕೋಟೆ ಬಿದ್ದಾಗ ಕೂಸಿಗೆ 27 ದಿನ, ಇನ್ನೂ ಬಾಣಂತನ ಮುಗಿದಿರಲಿಲ್ಲ. ಸುಮ್ನೆ ತಾರೀಕು ಬರೆಯುವುದಕ್ಕಿಂತ ಹೀಗೆ ಎಣಿಸಿದರೆ ಮಕ್ಕಳಿಗೆ ಜಾಸ್ತಿ ನೆನಪಿರುತ್ತದೆ. ಟೆಲಿಗ್ರಾಫಿನ ಮೋರ್ಸ್ ಏಪ್ರಿಲ್ 27, ಲೆಕ್ಕದ ಯಂತ್ರ ಕಟ್ಟಲು ಹೊರಟ ಬ್ಯಾಬೇಜ್ ಡಿಸೆಂಬರ್ 26. ಒಂದೇ ವರ್ಷಕ್ಕೆ ಮೂವರು, ಒಳ್ಳೇ ಫಸಲು ಅಲ್ವಾ?

ಈಗ ಸಂವತ್ಸರ. ನಾನು ಎಡವಿದ್ದು ಇಲ್ಲೇ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ, ಆದ್ದರಿಂದ 1791ಕ್ಕೆ 180 ಕೂಡಿಸಿ: 1971. ಆ ವರ್ಷ ಯುಗಾದಿ ಆದಮೇಲೆ ಹುಟ್ಟಿದವರ ಜಾತಕ ಮನೆಯಲ್ಲಿದ್ದರೆ ತೆಗೆದು ನೋಡಿ, ವಿರೋಧಿಕೃತು ಅಂತ ಇರುತ್ತದೆ. ನಾನು ಖುಷಿಯಿಂದ ದಾರದ ಉದ್ದಕ್ಕೂ ‘ವಿರೋಧಿಕೃತು’ ಅಂತ ಬರೆಸಿದೆ. ಮಗನನ್ನು ಕರೆದೊಯ್ಯಲು ಬಂದಿದ್ದ ನಂದಿ ಗ್ರಾಮದ ತಾಯಿಯೊಬ್ಬರು ನೋಡುತ್ತಾ ನಿಂತರು. “ಮೇಷ್ಟ್ರೇ, ಮಾರ್ಚಿಗೂ ಇದೇ ಹೆಸರಾ? ಯುಗಾದಿ ಆಗ್ಬೇಕಲ್ಲ?” ಅಂದರು. ಹೌದಲ್ಲ! ಆ ವರ್ಷ ಯುಗಾದಿ ಬಿದ್ದದ್ದು ಏಪ್ರಿಲ್ ಮೊದಲ ವಾರ. ಬೆಂಗಳೂರು ಪೇಟೆ ಮಾರ್ಚ್ 7ಕ್ಕೆ, ಕೋಟೆ 21ಕ್ಕೆ ಟಿಪ್ಪುವಿನ ಕೈತಪ್ಪಿ ಹೋದಾಗ ಇನ್ನೂ ಸಾಧಾರಣ ಸಂವತ್ಸರ. ಅರ್ಧ ದಿನ ಅಳಿಸಿದ್ದೇ ಆಯಿತು. ಯುಗಾದಿಗೆ ಒಂದು ಅರಿಶಿನದ ಗುರುತು ಹಾಕಿ, ಅದರಾಚೆ ಈಚೆ ಬೇರೆ ಬೇರೆ ಹೆಸರು ಬರೆಯಿರಿ.

ರಷ್ಯಾದ ತಾರೀಕು ಬಂದರೆ ಅನುಮಾನಪಡಿ. ಅಲ್ಲಿನ ಹಳೇ ಕ್ಯಾಲೆಂಡರ್ ಆಗ 11 ದಿನ ಹಿಂದಿತ್ತು. ಅಲ್ಲಿನ ಸೇನಾನಿ ಪೊಟೆಮ್ಕಿನ್ ಸತ್ತದ್ದು ಅವರ ಲೆಕ್ಕಕ್ಕೆ ಅಕ್ಟೋಬರ್ 5, ನಮ್ಮ ದಾರದ ಮೇಲೆ 16.

ಆಗಸ್ಟ್‌ಗೆ ಹೈಟಿಯ ಗುಲಾಮರ ದಂಗೆ, ಜೂನ್‌ಗೆ ಓಡಿಹೋಗಲು ಹೊರಟು ಸಿಕ್ಕಿಬಿದ್ದ ಫ್ರಾನ್ಸಿನ ರಾಜ. ಇವನ್ನು ಮಕ್ಕಳೇ ಹುಡುಕಿ ಬರೆಯಲಿ.

ಡಿಸೆಂಬರ್‌ನಲ್ಲಿ ಮಾತ್ರ ನೂಕುನುಗ್ಗಲು. 5ಕ್ಕೆ ಮೊಜಾರ್ಟ್ ಸಾವು, 15ಕ್ಕೆ ಅಮೆರಿಕದ ಸಂವಿಧಾನಕ್ಕೆ ಹಕ್ಕುಗಳ ತಿದ್ದುಪಡಿ, 21ಕ್ಕೆ ಮಾಗಡಿ ಕಡೆಯ ಸಾವನದುರ್ಗದ ಪತನ, 26ಕ್ಕೆ ಬ್ಯಾಬೇಜ್. ಒಂದಡಿಯಲ್ಲಿ ನಾಲ್ಕು ಲಗ್ನಪತ್ರಿಕೆ ಹಿಡಿಯುವುದಿಲ್ಲ. ಒಂದನ್ನು ಗಿಡ್ಡ, ಒಂದನ್ನು ಉದ್ದ ನೂಲಿನಲ್ಲಿ ಇಳಿಬಿಡಿ. ಕಟ್ಟುವಾಗ ಫ್ಯಾನ್ ಆಫ್ ಮಾಡಿರಿ.