ವೇತನಪಟ್ಟಿಯಿಂದ ಹೆಸರು ಜಾರದಂತೆ

ಕೆಲಸದ ದಿನ ಇಳಿಸುವ ಬಗ್ಗೆ ಕಚೇರಿಯ ಕರಡು ಪತ್ರ ಕೈಗೆ ಬಂದಾಗ ಮೊದಲು ಆದದ್ದು ಸಂತೋಷವೇ. ವಾರಕ್ಕೆ ಐದು ದಿನದ ಬದಲು ಮೂರು ದಿನ ಕೆಲಸ, ಅದರಲ್ಲಿ ಎರಡು ದಿನ ಮನೆಯಿಂದ. ನನಗೆ ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾಗಿ ಆಗ ಐದನೆಯ ವರ್ಷ. ಬೆಳಿಗ್ಗೆ ಎದ್ದು ಒಂದೂವರೆ ಗಂಟೆಯಾದರೂ ಬೆರಳುಗಳು ಮಡಚುತ್ತಿರಲಿಲ್ಲ. ಕುಪ್ಪಸದ ಗುಂಡಿ ಹಾಕಲು, ಕುಕ್ಕರಿನ ಮುಚ್ಚಳ ತೆಗೆಯಲು ಮಗಳನ್ನು ಕೂಗುತ್ತಿದ್ದೆ. ಅದೆಲ್ಲ ಮುಗಿಸಿ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಹೋಗಬೇಕು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಬಸ್ಸಿನ ಕುಲುಕಾಟ ತಪ್ಪಿತು ನಿಜ, ಆದರೆ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವಾಗಿನ ಜನಜಂಗುಳಿಯಲ್ಲಿ ಊದಿದ ಮೊಣಕಾಲು ಹೊತ್ತು ನಡೆಯುವುದು ತಪ್ಪಲಿಲ್ಲ. ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: ಔಷಧ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನಿಮ್ಮ ವಿಶ್ರಾಂತಿ.

ಪತ್ರವನ್ನು ಅತ್ತಿಗೆಗೆ ತೋರಿಸಿದೆ. ಅವರು ಸಾಮಾನ್ಯ ವಿಮಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ‘ಇದರಲ್ಲಿ ನಿನ್ನ ವಿಮೆ ಎಲ್ಲಿದೆಯಮ್ಮಾ?’ ಎಂದರು. ಆಗ ನೋಡಿದೆ. ಪತ್ರದಲ್ಲಿ ಎಲ್ಲಿಯೂ ‘ವೇತನ’ ಎಂಬ ಮಾತಿರಲಿಲ್ಲ. ‘ಮಾಸಿಕ ಸಲಹಾ ಶುಲ್ಕ’ ಎಂದಿತ್ತು. ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ನೌಕರಳಾಗಿದ್ದ ನಾನು ಸಹಿ ಹಾಕಿದ ಕ್ಷಣದಿಂದ ಹೊರಗಿನ ಸಲಹೆಗಾರ್ತಿ. ಕಂಪನಿಯ ಗುಂಪು ವಿಮೆ ಅಂದೇ ಮುಗಿಯುತ್ತಿತ್ತು.

ನನಗೆ ಅದು ಎಷ್ಟು ದೊಡ್ಡ ಮಾತು ಎಂದು ಹೇಳಬೇಕು. ಮೆಥೋಟ್ರೆಕ್ಸೇಟ್ ಮಾತ್ರೆಯೊಂದರಿಂದ ನನ್ನ ಕಾಯಿಲೆ ಹಿಡಿತಕ್ಕೆ ಬರಲಿಲ್ಲ. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಡುತ್ತಾರೆ. ಹದಿನೈದು ದಿನದ ಅಂತರದಲ್ಲಿ ಎರಡು ಸಲ ಆಸ್ಪತ್ರೆಯಲ್ಲಿ ಮಲಗಿಸಿ, ಗಂಟೆಗಟ್ಟಲೆ ಹನಿಹನಿಯಾಗಿ ನರಕ್ಕೆ ಬಿಡುತ್ತಾರೆ. ಎರಡೂ ಸೇರಿದ ಬಿಲ್ಲು ನನ್ನ ಒಂದು ತಿಂಗಳ ಸಂಬಳವನ್ನು ಮೀರುತ್ತದೆ. ಮಾತ್ರೆ, ರಕ್ತಪರೀಕ್ಷೆ, ವೈದ್ಯರ ಶುಲ್ಕ ಮೊದಲಿನಿಂದಲೂ ಕೈಯಿಂದಲೇ ಹೋಗುತ್ತಿದ್ದವು, ಅದನ್ನು ಹೇಗೋ ತೂಗಿಸುತ್ತಿದ್ದೆವು. ಡ್ರಿಪ್ಪಿನ ಖರ್ಚು ಮಾತ್ರ ವಿಮೆಯಿಲ್ಲದೆ ಆಗುವಂಥದ್ದಲ್ಲ. ಗುಂಪು ವಿಮೆಯ ದೊಡ್ಡ ಉಪಕಾರವೇ ಇದು: ನಮ್ಮದರಂತಹ ಹೆಚ್ಚಿನ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೂ ಸೇರಿದ ದಿನದಿಂದಲೇ ರಕ್ಷಣೆ ಇರುತ್ತದೆ. ಹೊರಗೆ ಸ್ವಂತ ಪಾಲಿಸಿ ಕೊಳ್ಳಲು ಹೋದವರಿಗೆ ಆ ಭಾಗ್ಯವಿಲ್ಲ.

ಅತ್ತಿಗೆ ಹೇಳಿಕೊಟ್ಟ ಮೊದಲ ಕೆಲಸ, ಪಾಲಿಸಿಯ ಮೂಲ ದಾಖಲೆಯನ್ನೇ ಕೇಳಿ ಪಡೆಯುವುದು. ನೌಕರರಿಗೆ ಹಂಚುವ ಚಂದದ ಕರಪತ್ರ ಸಾಲದು. ಎಚ್.ಆರ್. ವಿಭಾಗ ಒಂದು ವಾರ ಸತಾಯಿಸಿ ಕಳುಹಿಸಿತು. ಅದರಲ್ಲಿ ‘ಸದಸ್ಯ’ ಎಂದರೆ ಕಂಪನಿಯ ವೇತನಪಟ್ಟಿಯಲ್ಲಿರುವ ನೌಕರ ಎಂದಷ್ಟೇ ಇತ್ತು. ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅಂದರೆ ನನ್ನ ವಿಮೆಗೆ ಕುತ್ತು ತಂದಿದ್ದದ್ದು ಕಡಿಮೆಯಾದ ಗಂಟೆಗಳಲ್ಲ, ಪತ್ರದ ಒಂದು ಪದ.

ಹಾಗಾಗಿ ನನ್ನ ಬೇಡಿಕೆ ಸಣ್ಣದಾಯಿತು. ಸಂಬಳವನ್ನು ಐದರಲ್ಲಿ ಮೂರು ಪಾಲಿಗೆ ಇಳಿಸಿ, ಆದರೆ ಅದನ್ನು ಸಂಬಳವೆಂದೇ ಕೊಡಿ. ಭವಿಷ್ಯನಿಧಿ ಕಡಿತವೂ ಮುಂದುವರಿಯಲಿ. ‘ಇಂಥ ಪೂರ್ವನಿದರ್ಶನ ಇಲ್ಲ’ ಎಂದರು. ಗುಂಪು ವಿಮೆಯ ಪ್ರೀಮಿಯಂ ತಲೆಯ ಲೆಕ್ಕದಲ್ಲಿ ಬೀಳುತ್ತದೆಯೇ ಹೊರತು ಗಂಟೆಯ ಲೆಕ್ಕದಲ್ಲಿ ಅಲ್ಲ, ನನ್ನನ್ನು ಉಳಿಸಿಕೊಂಡರೆ ಈಗ ಕಟ್ಟುತ್ತಿರುವುದಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ ಎಂದು ಲೆಕ್ಕ ಬರೆದು ಕೊಟ್ಟೆ. ಲೆಕ್ಕಪತ್ರದವಳಿಗೆ ಅಷ್ಟು ಗೊತ್ತಿರಲೇಬೇಕಲ್ಲ. ಜೊತೆಗೆ ವೈದ್ಯರ ಪತ್ರವನ್ನೂ ಇಟ್ಟೆ. ಐದು ವಾರ ಹಿಡಿಯಿತು. ಕೊನೆಗೆ ಆರು ತಿಂಗಳಿಗೊಮ್ಮೆ ಪರಿಶೀಲಿಸುವ ಷರತ್ತಿನ ಮೇಲೆ ಒಪ್ಪಿದರು.

ಅಲ್ಲಿಗೆ ನೆಮ್ಮದಿಯಾಗಲಿಲ್ಲ. ಆರು ತಿಂಗಳ ಒಪ್ಪಿಗೆಯನ್ನು ನಂಬಿ ಜೀವನಪೂರ್ತಿಯ ಕಾಯಿಲೆಯನ್ನು ಹೇಗೆ ಸಾಕುವುದು? ಕೆಲಸ ಬಿಟ್ಟಾಗ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗುವ ಅವಕಾಶ ಇದೆ, ಅಷ್ಟು ವರ್ಷ ರಕ್ಷಣೆಯಲ್ಲಿದ್ದದ್ದು ಕಾಯುವ ಅವಧಿಯ, ಅಂದರೆ ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗದ ಆರಂಭದ ವರ್ಷಗಳ, ಲೆಕ್ಕಕ್ಕೆ ಜಮೆಯಾಗುತ್ತದೆ. ಆದರೆ ಗುಂಪಿನಿಂದ ಬರುವವರ ಆರೋಗ್ಯವನ್ನು ತೂಗಿ ನೋಡುವ ಹಕ್ಕನ್ನು ವಿಮಾ ಕಂಪನಿ ಉಳಿಸಿಕೊಂಡಿರುತ್ತದೆ. ನನ್ನಂಥವರಿಗೆ ಅದು ಖಚಿತ ದಾರಿಯಲ್ಲ. ಆದ್ದರಿಂದ ಗುಂಪು ವಿಮೆ ಕೈಯಲ್ಲಿರುವಾಗಲೇ ಸ್ವಂತದ್ದೊಂದನ್ನು ಮಾಡಿಸಲು ಹೊರಟೆ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತ್ತು. ಆ ಮೂರು ವರ್ಷ ಗುಂಪು ವಿಮೆಯ ನೆರಳಿನಲ್ಲೇ ಕಳೆದುಹೋಗಲಿ ಎಂಬುದು ನನ್ನ ಲೆಕ್ಕ.

ಎರಡು ಕಂಪನಿಗಳು ಕಾಯಿಲೆಯ ಹೆಸರು ನೋಡಿಯೇ ನಿರಾಕರಿಸಿದವು. ಒಬ್ಬ ಏಜೆಂಟರು ಮನೆಗೇ ಬಂದು, ‘ಮೇಡಂ, ಅದೊಂದನ್ನು ಬರೆಯದೆ ಬಿಡಿ, ಐದು ವರ್ಷ ಕಳೆದರೆ ಯಾರೂ ಕೇಳುವುದಿಲ್ಲ’ ಎಂದರು. 60 ತಿಂಗಳು ಸತತವಾಗಿ ಪಾಲಿಸಿ ನಡೆದ ಮೇಲೆ ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂಬ ನಿಯಮವೇನೋ ಇದೆ, ಆದರೆ ವಂಚನೆಗೆ ಆ ರಕ್ಷಣೆ ಇಲ್ಲ. ಗೊತ್ತಿದ್ದೂ ಬರೆಯದಿದ್ದರೆ ಅದು ಇನ್ನೇನು? ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆ. ಆ ಸಲಹೆ ಕೇಳಿ ಕ್ಲೇಮ್ ಕಳೆದುಕೊಂಡವರ ಮನೆಯ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಇಂದಿಗೂ ಸಿಟ್ಟು ಬರುತ್ತದೆ. ಮೂರನೆಯ ಕಂಪನಿ ಎಲ್ಲ ವರದಿಗಳನ್ನೂ ತರಿಸಿ ನೋಡಿ, ಕಾಯಿಲೆಯ ಕಾರಣಕ್ಕೆ ಪ್ರೀಮಿಯಂ ಮೇಲೆ ಲೋಡಿಂಗ್ ಎಂಬ ಹೆಚ್ಚುವರಿ ಮೊತ್ತ ಹಾಕಿ, ಸಂಧಿವಾತಕ್ಕೆ ಮೂರು ವರ್ಷ ಕಾಯಬೇಕೆಂದು ಹೇಳಿ ಒಪ್ಪಿತು. 2024ರ ಅಕ್ಟೋಬರ್‌ನಲ್ಲಿ ಹಣ ಕಟ್ಟಿದೆ. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿನ ಸಂಬಳದಲ್ಲಿ ಆ ಮೊತ್ತ ಭಾರವೇ ಆಗಿತ್ತು, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು, ಹಾಗಾಗಿ ಮರುವರ್ಷದ ನವೀಕರಣ ಸ್ವಲ್ಪ ಹಗುರವಾಯಿತು. ಒಮ್ಮೆ ಒಳಗೆ ಸೇರಿದವರಿಗೆ, ಕ್ಲೇಮ್ ಮಾಡಿದರು ಎಂಬ ನೆಪದಿಂದ ನವೀಕರಣ ನಿರಾಕರಿಸುವಂತಿಲ್ಲ ಎಂಬುದು ನನಗಿರುವ ದೊಡ್ಡ ಧೈರ್ಯ.

ಸಂಬಳ ತಿಂಗಳಿಗೆ 21,000 ರೂಪಾಯಿಯ ಒಳಗೆ ಇರುವವರ ಲೆಕ್ಕ ಬೇರೆ. ನಮ್ಮ ಕಚೇರಿಯ ಸ್ವಾಗತ ಮೇಜಿನಲ್ಲಿದ್ದ ಹುಡುಗಿಗೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮಾ ಯೋಜನೆ ಇತ್ತು. ಅವಳ ಪಾಲು ಸಂಬಳದ ಶೇ 0.75, ಕಂಪನಿಯದು ಶೇ 3.25. ಮೊದಲೇ ಇದ್ದ ಕಾಯಿಲೆ ಎಂಬ ತಕರಾರು ಅಲ್ಲಿ ಇಲ್ಲ. ಆದರೆ ಅವಳಿಗೂ ನಾನು ಹೇಳಿದ್ದು ಅದನ್ನೇ: ಗಂಟೆ ಇಳಿಸಿಕೋ, ನೌಕರಳಾಗಿಯೇ ಉಳಿ.

ಹೊಸ ವ್ಯವಸ್ಥೆಯ ಮೊದಲ ಡ್ರಿಪ್ಪಿನ ದಿನ ಒಂದು ಆಘಾತ ಕಾದಿತ್ತು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕಾರ್ಡು ಕೊಟ್ಟೆ. ‘ಈ ಸಂಖ್ಯೆ ಚಾಲ್ತಿಯಲ್ಲಿಲ್ಲ’ ಎಂದರು. ನನ್ನನ್ನು ಅರೆಕಾಲಿಕ ಎಂದು ಗುರುತಿಸಲು ಎಚ್.ಆರ್. ತಂತ್ರಾಂಶದಲ್ಲಿ ಸಂಕೇತ ಬದಲಿಸಿದ್ದರು. ಆ ತಿಂಗಳು ಟಿಪಿಎಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗೆ, ಹೋದ ಪಟ್ಟಿಯಲ್ಲಿ ನನ್ನ ಹೆಸರೇ ಬಿದ್ದುಹೋಗಿತ್ತು. ಕುರ್ಚಿಯಲ್ಲಿ ಕುಳಿತು ಒಪ್ಪಿಗೆ ಪತ್ರವನ್ನು ಮೊಬೈಲಿನಿಂದ ಎಲ್ಲರಿಗೂ ಕಳುಹಿಸಿದೆ. ಬೆರಳು ನೋಯುತ್ತಿದ್ದವು, ಅಳುವೂ ಬಂತು. ಹೆಸರು ಮರಳಿ ಸೇರಿದ್ದು ಮರುದಿನ ಮಧ್ಯಾಹ್ನ, ಡ್ರಿಪ್ ನಾಲ್ಕು ದಿನ ತಡವಾಯಿತು. ಅಂದಿನಿಂದ ಪ್ರತಿ ತಿಂಗಳ ಮೊದಲ ವಾರ ಇ-ಕಾರ್ಡನ್ನು ಹೊಸದಾಗಿ ಇಳಿಸಿಕೊಂಡು ನೋಡುತ್ತೇನೆ. ಪ್ರತಿ ವರ್ಷದ ಕಾರ್ಡು, ಪಾಲಿಸಿ ಪ್ರತಿ ಎಲ್ಲವನ್ನೂ ಮುದ್ರಿಸಿ ಒಂದು ಕಡತದಲ್ಲಿ ಇಟ್ಟಿದ್ದೇನೆ. ಮುಂದೆ ಎಂದಾದರೂ ವಲಸೆ ಕೇಳಬೇಕಾಗಿ ಬಂದರೆ, ಸತತವಾಗಿ ರಕ್ಷಣೆಯಲ್ಲಿದ್ದೆ ಎಂದು ತೋರಿಸಲು ಅದೇ ಸಾಕ್ಷಿ.

ನನ್ನ ಸ್ವಂತ ಪಾಲಿಸಿಯ ಕಾಯುವ ಅವಧಿ 2027ರ ಅಕ್ಟೋಬರ್‌ಗೆ ಮುಗಿಯುತ್ತದೆ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಒಪ್ಪಿಗೆ ಪತ್ರವನ್ನು ನವೀಕರಿಸಿಕೊಳ್ಳಬೇಕು. ಪ್ರತಿ ಸಲವೂ ಸಹಿ ಹಾಕುವ ಮೊದಲು ಅತ್ತಿಗೆ ಬರೆಸಿದ ಸಾಲು ಹಾಗೆಯೇ ಇದೆಯೇ ಎಂದು ಬೆರಳಿಟ್ಟು ಓದುತ್ತೇನೆ: ‘ಕೆಲಸದ ಅವಧಿ ಕಡಿಮೆಯಾದರೂ ಇವರು ಸಂಸ್ಥೆಯ ವೇತನಪಟ್ಟಿಯ ನೌಕರರಾಗಿಯೇ ಮುಂದುವರಿಯುತ್ತಾರೆ ಮತ್ತು ಗುಂಪು ಆರೋಗ್ಯ ವಿಮೆಯ ಸದಸ್ಯತ್ವದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.’