ಮೇಲೆ ಬಣ್ಣ, ಕೆಳಗೆ ಜನ: ಪೇಟೆ ಬೀದಿಯ ಕಟ್ಟಡಕ್ಕೆ ಪೇಂಟ್ ಮಾಡಿಸುವುದು ಹೇಗೆ?

ನಾಲ್ಕನೇ ಮಹಡಿ ಅಂದರೆ ಹೆಚ್ಚುಕಮ್ಮಿ 12 ಮೀಟರ್ ಎತ್ತರ. ಅಲ್ಲಿ ಕೈಜಾರಿದ ಪುಟ್ಟಿ ಬ್ಲೇಡ್ ನೆಲ ಮುಟ್ಟಲು ಒಂದೂವರೆ ಸೆಕೆಂಡ್ ಸಾಕು. ‘ಸಾರ್, ನೋಡ್ಕೊಳ್ಳಿ’ ಅಂತ ಮೇಲಿನವನು ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ಕಾಂಪ್ಲೆಕ್ಸ್‌ಗೆ ಬಣ್ಣ ಹೊಡೆಸುವವರು ಶೇಡ್ ಕಾರ್ಡ್ ನೋಡುವ ಮುಂಚೆ ಫುಟ್‌ಪಾತ್ ನೋಡಬೇಕು.

ತಿಂಗಳು ಗೊತ್ತು ಮಾಡಿ

ಬೆಂಗಳೂರಿನಲ್ಲಿ ಮಳೆ, ವ್ಯಾಪಾರ ಎರಡೂ ಒಟ್ಟಿಗೇ ಏರುತ್ತವೆ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿವರೆಗೆ ಈ ಕೆಲಸ ಬೇಡವೇ ಬೇಡ. ಸಂಕ್ರಾಂತಿ ಆದ ಮೇಲೆ ಹಿಡಿದು ಮಾರ್ಚ್ ಒಳಗೆ ಮುಗಿಸಿ. ಏಪ್ರಿಲ್ ಬಂತೆಂದರೆ ಸಂಜೆ ಗಾಳಿ-ಮಳೆ ಶುರು. ಕೆರೆಯುವುದು, ತೊಳೆಯುವುದು ಏನಿದ್ದರೂ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಬೆಳಗ್ಗೆ ಆರರಿಂದ ಹತ್ತರೊಳಗೆ ಆಗಲಿ.

ಮೊದಲು ನೆರಳು ಕಟ್ಟಿ

ಫುಟ್‌ಪಾತಿಗೆ ಅಡ್ಡ ಹಗ್ಗ ಕಟ್ಟಿ ‘ಕೆಲಸ ನಡೆಯುತ್ತಿದೆ’ ಅಂತ ಬೋರ್ಡ್ ನೇತುಹಾಕಿದರೆ ಜನ ಏನು ಮಾಡುತ್ತಾರೆ? ಹಗ್ಗ ಎತ್ತಿ ನುಸುಳುತ್ತಾರೆ, ಇಲ್ಲವೇ ಆಟೋಗಳ ನಡುವೆ ರಸ್ತೆಗಿಳಿಯುತ್ತಾರೆ. ಹಾಗಾಗಿ ದಾರಿ ಮುಚ್ಚಬೇಡಿ, ದಾರಿಗೆ ಮಾಡು ಹಾಕಿ. ಗಟ್ಟಿ ಕಂಬ, ಮೇಲೆ ಒತ್ತಾಗಿ ಹಲಗೆ, ಅದರ ಮೇಲೆ ತಗಡು. ಬರೀ ಹಸಿರು ನೆಟ್ ಧೂಳು ತಡೆಯುತ್ತದೆ, ಇಟ್ಟಿಗೆ ಚೂರನ್ನು ತಡೆಯುವುದಿಲ್ಲ. ತಲೆಮೇಲೆ ಮೂಟೆ ಹೊತ್ತವರು ಬಗ್ಗದೆ ದಾಟುವಷ್ಟು ಎತ್ತರವಿರಲಿ, ಒಳಗೆ ಎರಡು ಬಲ್ಬ್ ಇರಲಿ. ಇದಕ್ಕೆ ಪಾಲಿಕೆಯ ಅನುಮತಿ ಕೇಳಿ, ಟ್ರಾಫಿಕ್ ಠಾಣೆಗೂ ತಿಳಿಸಿ. ಅಲ್ಲೇ ಹೂವು ಮಾರುವ ಅಮ್ಮನಿಗೆ ಒಂದು ವಾರ ಮೊದಲೇ ಹೇಳಿ. ಎಲ್ಲರೂ ಮರೆಯುವುದು ಅವರನ್ನೇ.

ಸಾರುವೆ, ಹಗ್ಗ, ಕರೆಂಟು

ಪೇಟೆಯಲ್ಲಿ ವಿದ್ಯುತ್ ತಂತಿ ಕಿಟಕಿಗೆ ತಾಗುವಂತೆ ಹೋಗಿರುತ್ತದೆ. ಕಬ್ಬಿಣದ ಪೈಪ್ ಎತ್ತುವ ಮುಂಚೆ ಬೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ. ಲೈನ್‌ಮನ್ ಬಂದು ‘ಆಯ್ತು’ ಅನ್ನುವವರೆಗೆ ಒಂದು ಪೈಪೂ ಮೇಲೇಳಬಾರದು.

ಪ್ರತಿಯೊಬ್ಬ ಪೇಂಟರ್‌ಗೂ ಮೈತುಂಬ ಬಿಗಿಯುವ ಬೆಲ್ಟ್ ಬೇಕು. ಸೊಂಟದ ಪಟ್ಟಿ ಸಾಲದು. ಜೂಲಾದ (ಪೇಂಟರ್ ಕೂರುವ ತೂಗುಹಲಗೆಯ) ಹಗ್ಗ ಬೇರೆ, ಬೆಲ್ಟಿನ ಹಗ್ಗ ಬೇರೆ. ಎರಡನ್ನೂ ಪ್ಯಾರಾಪೆಟ್‌ಗೋ ನೀರಿನ ಪೈಪಿಗೋ ಕಟ್ಟಬೇಡಿ, ತಾರಸಿಯ ಕಾಂಕ್ರೀಟ್ ಕಂಬಕ್ಕೆ ಬಿಗಿಯಿರಿ. ಗೋಡೆ ಅಂಚಿಗೆ ಹಗ್ಗ ಉಜ್ಜುವಲ್ಲಿ ಗೋಣಿಚೀಲ ಮಡಚಿಡಿ. ಸುಮ್ನೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಗ್ಗ ಸವೆಯುವುದು ಅಲ್ಲೇ.

ಬಡಿದು ಕೇಳಿ

ಬಣ್ಣಕ್ಕೆ ಮೊದಲು ಸಜ್ಜಾಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ‘ಟಣ್’ ಅಂದರೆ ಸರಿ, ‘ಬೊದ್’ ಅಂದರೆ ಒಳಗೆ ಟೊಳ್ಳು. ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳಿರುತ್ತದೆ. ಅದನ್ನು ಕಿತ್ತು ಚೀಲದಲ್ಲಿ ಇಳಿಸಿ. ಮೇಲಿಂದ ಎಸೆಯುವುದು ಬೇಡ.

ಹಳೆಯ ಗ್ರಿಲ್, ಶಟರ್‌ಗಳ ಎನಾಮೆಲ್‌ನಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆದ್ದರಿಂದ ಒಣಗಿದ್ದಾಗ ಉಜ್ಜಬೇಡಿ, ನೀರು ಹಚ್ಚಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ.

ಇನ್ನು ಬಣ್ಣ

ಸ್ಪ್ರೇ ಬೇಗ ಮುಗಿಯುತ್ತದೆ, ನಿಜ. ಆದರೆ ಗಾಳಿಗೆ ಹಾರಿದ ಹನಿ ಎದುರಂಗಡಿಯ ರೇಷ್ಮೆ ಸೀರೆ ಮೇಲೆ ಕೂತರೆ ಸಂಬಳಕ್ಕಿಂತ ದಂಡವೇ ಜಾಸ್ತಿ. ರೋಲರ್ ವಾಸಿ. ಒಮ್ಮೆ ಇಂಥ ಬೀದಿಯಲ್ಲೇ ನನ್ನ ಬಿಳಿ ಅಂಗಿಗೆ ಕೆನೆ ಬಣ್ಣದ ಚುಕ್ಕೆ ಬಿದ್ದಿತ್ತು, ಇವತ್ತಿಗೂ ಹೋಗಿಲ್ಲ!

20 ಲೀಟರ್ ಡ್ರಮ್ ಸಾರುವೆ ಹತ್ತಬಾರದು. ಚಿಕ್ಕ ಬಕೆಟ್‌ಗೆ ಅರ್ಧ ಸುರಿದು, ಹಿಡಿಕೆಯನ್ನು ಹಲಗೆಗೆ ಕಟ್ಟಿ. ರೋಲರ್‌ಗೂ ಬ್ಲೇಡಿಗೂ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿ. ಬಿಸಿಲು ಬಿದ್ದ ಗೋಡೆ ಬಣ್ಣವನ್ನು ಬೇಗ ಒಣಗಿಸಿ ಪಟ್ಟೆ ಉಳಿಸುತ್ತದೆ. ಹಾಗಾಗಿ ಬೆಳಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ನಂತರ ಮೂಡಣ ಗೋಡೆ. ಒಂದು ಕೋಟ್‌ಗೂ ಇನ್ನೊಂದಕ್ಕೂ ಡಬ್ಬಿ ಮೇಲೆ ಬರೆದಷ್ಟು ಗಂಟೆ ಬಿಡಿ.

ಇಳಿಸುವ ದಿನ

ಬಣ್ಣ ಮುಗಿಯಿತಲ್ಲ ಅಂತ ಎಲ್ಲರೂ ಸಡಿಲವಾಗುವ ದಿನ ಇದು. ಸಾರುವೆಯನ್ನು ಮೇಲಿಂದ ಕೆಳಕ್ಕೆ, ಒಂದೊಂದೇ ಪೈಪ್ ಹಗ್ಗದಲ್ಲಿ ಇಳಿಸಿ ಬಿಚ್ಚಿ. ಫುಟ್‌ಪಾತಿನ ಮಾಡು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಒಬ್ಬರು ಮೊಣಕಾಲೂರಿ ಕೂತು ಮೊಳೆ, ತಂತಿ ಚೂರು ಆರಿಸಲಿ. ಹೂವಿನ ಅಮ್ಮ ಬಂದು ಗೋಣಿತಾಟು ಹಾಸುವಷ್ಟರಲ್ಲಿ ನೆಲ ಚೊಕ್ಕಟವಾಗಿರಬೇಕು.